ಸದ್ದಿಲ್ಲದ ಕಾರಿಗೂ ಗತ್ತುಂಟು!

ಎಂಜಿನ್ನಿನ ಗುಡುಗಿಲ್ಲದ ಮೇಲೆ ಅದೆಂಥ ದೊಡ್ಡ ಕಾರು ಎಂದು ಮೂಗು ಮುರಿಯುವವರಿದ್ದಾರೆ. ಅವರು ರೋಲ್ಸ್ ರಾಯ್ಸ್ ಕಂಪನಿಯ ಚರಿತ್ರೆಯನ್ನೊಮ್ಮೆ ನೋಡಬೇಕು. ಅದರ ಸ್ಥಾಪಕರಲ್ಲೊಬ್ಬರಾದ ಚಾರ್ಲ್ಸ್ ರೋಲ್ಸ್ 1900ರಲ್ಲೇ ವಿದ್ಯುತ್ ಕಾರನ್ನು ಮೆಚ್ಚಿದ್ದರು. ಸದ್ದಿಲ್ಲ, ವಾಸನೆಯಿಲ್ಲ, ನಡುಕವಿಲ್ಲ. ಆದರೆ ಊರೂರಲ್ಲಿ ಚಾರ್ಜ್ ಮಾಡುವ ಕೇಂದ್ರಗಳಿಲ್ಲದೆ ಅದು ಕೆಲಸಕ್ಕೆ ಬಾರದು ಎಂಬುದು ಅವರ ಲೆಕ್ಕಾಚಾರ. ಮುಂದೆ 1907ರಲ್ಲಿ ಬಂದ ಪೆಟ್ರೋಲ್ ಕಾರು 'ಸಿಲ್ವರ್ ಘೋಸ್ಟ್'. ಆ ಹೆಸರಿನಲ್ಲಿರುವ ದೆವ್ವ ಕೂಡ ನಿಶ್ಶಬ್ದ ಓಟಕ್ಕೆ ಸಂದ ಬಿರುದೇ! ಅಂದರೆ ಈ ಕಂಪನಿ ಶತಮಾನದುದ್ದಕ್ಕೂ ಬೆವರು ಹರಿಸಿದ್ದು ಎಂಜಿನ್ನಿನ ಬಾಯಿ ಮುಚ್ಚಿಸಲು.

2023ರಲ್ಲಿ ಅದರ ಮೊದಲ ವಿದ್ಯುತ್ ಕಾರು 'ಸ್ಪೆಕ್ಟರ್' ಗ್ರಾಹಕರ ಕೈಸೇರಿತು. ತೂಕ ಸುಮಾರು 2,900 ಕೆ.ಜಿ.; ಅದರಲ್ಲಿ ಬ್ಯಾಟರಿಯದೇ 700ರ ಆಸುಪಾಸು. ಹೊರೆಯೇನೋ ಹೌದು. ಆದರೆ ನೆಲದಡಿ ಹಾಸಿದ ಆ ಬ್ಯಾಟರಿಯೇ ರಸ್ತೆಯ ಸದ್ದು ಒಳಗೆ ಬಾರದಂತೆ ತಡೆಯುತ್ತದೆ. ಗೇರು ಬದಲಾಗುವ ಕುಲುಕಾಟವೂ ಇಲ್ಲ.

ಹಾಗಾದರೆ ಸುಖಕ್ಕೆ ಕೊರತೆಯಿಲ್ಲ. ವ್ಯಕ್ತಿತ್ವ? ಇಲ್ಲಿದೆ ತೊಡಕು. ನಿಂತಲ್ಲಿಂದಲೇ ಚಿಮ್ಮುವ ಗುಣ ಎಲ್ಲ ಮೋಟಾರುಗಳಿಗೂ ಇದೆ. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಹೇಗೆ? ಹ್ಯುಂಡೈ ತನ್ನ 'ಅಯಾನಿಕ್ 5 ಎನ್' ಕಾರಿನಲ್ಲಿ ಸ್ಪೀಕರುಗಳಿಂದ ಎಂಜಿನ್ ಸದ್ದು ಹೊರಡಿಸಿ, ಇಲ್ಲದ ಗೇರು ಬದಲಾದಂತೆ ಜಗ್ಗಿಸುತ್ತದೆ. ಮಜವೇನೋ ಸರಿ, ಆದರೂ ಅದು ಅಂಟಿಸಿದ ಮೀಸೆ!

ಬೆಂಗಳೂರಿನಲ್ಲಿ 2001ರಲ್ಲಿ ಮಾರಾಟಕ್ಕೆ ಬಂದ ಪುಟ್ಟ 'ರೇವಾ' ಇಂಥ ಯಾವ ವೇಷವನ್ನೂ ಹಾಕಲಿಲ್ಲ. ಅದರಲ್ಲಿ ವೈಭೋಗ ಎಳ್ಳಷ್ಟೂ ಇರಲಿಲ್ಲ. ಆದರೆ ಟ್ರಾಫಿಕ್ಕಿನ ನಡುವೆ ಅದನ್ನು ಬೇರೆ ಕಾರೆಂದು ಯಾರೂ ತಿಳಿಯುತ್ತಿರಲಿಲ್ಲ.