ದಾರಿ ತಪ್ಪಿದ ಹಿರಿಯರನ್ನು ಅರಸುವ ಬಗೆ

ಕಾಲ್ನಡಿಗೆಯ ಯಾತ್ರೆ ನಮ್ಮ ಸೀಮೆಗೆ ಹೊಸತಲ್ಲ. ನಂಜನಗೂಡಿನ ಪಂಚರಥೋತ್ಸವಕ್ಕೂ, 2025ರ ಫೆಬ್ರವರಿಯಲ್ಲಿ ಕುಂಭಮೇಳ ನಡೆದ ತಿರುಮಕೂಡಲಿನ ಸಂಗಮಕ್ಕೂ ಹಿರಿಯರು ನಡೆದೇ ಬರುವುದುಂಟು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮಜ್ಜಿ ಇಂದಿಗೂ ಹೀಗೆ ನಡೆಯುವವಳೇ. ಆದುದರಿಂದ ಇದು ನನಗೆ ಬರಿಯ ಪುಸ್ತಕದ ವಿಚಾರವಲ್ಲ.

ಅಂಥವರೊಬ್ಬರು ಕಾಣೆಯಾದರೆ ಊರಿಗೆ ಊರೇ ಹೊರಡುತ್ತದೆ. ಉತ್ಸಾಹವೇನೋ ಮೆಚ್ಚತಕ್ಕದ್ದೇ, ಆದರೆ ಲೆಕ್ಕವೂ ಬೇಕು. ಗಂಟೆಗೆ 3 ಕಿಲೋಮೀಟರು ನಡೆಯುವವರು ಒಂದು ಗಂಟೆಯ ಬಳಿಕ ಸುಮಾರು 28 ಚದರ ಕಿಲೋಮೀಟರಿನೊಳಗೆ ಎಲ್ಲಿಯಾದರೂ ಇರಬಹುದು. ಎರಡು ಗಂಟೆಯಾದರೆ ಅದು 113. ಕಾಲ ಇಮ್ಮಡಿಸಿದರೆ ಹುಡುಕಬೇಕಾದ ನೆಲ ನಾಲ್ಮಡಿ! ದೂರು ಕೊಡಲು 24 ಗಂಟೆ ಕಾಯಬೇಕೆಂಬುದು ತಪ್ಪು ತಿಳಿವಳಿಕೆ. ಕೂಡಲೇ 112ಕ್ಕೆ ತಿಳಿಸಬೇಕು.

ಕಡೆಯದಾಗಿ ಕಂಡ ಜಾಗದಲ್ಲಿ ಒಬ್ಬರು ನಿಲ್ಲಲಿ. ಮಿಕ್ಕವರು ದಿಕ್ಕು ಹಂಚಿಕೊಂಡು, ನೋಡಿದ ಜಾಗಗಳನ್ನು ಬರೆದಿಡಲಿ. ಮರೆವಿನ ರೋಗವುಳ್ಳವರು ಕೂಗಿದರೂ ಓಗೊಡದಿರುವುದುಂಟು. ಪೊದೆಗೋ ಬೇಲಿಗೋ ಸಿಕ್ಕಿ ಅಲ್ಲಿಯೇ ಕುಳಿತಿರಬಹುದು. ಆದುದರಿಂದ ಕೂಗಿದರೆ ಸಾಲದು. ಕಬ್ಬಿನ ಗದ್ದೆಯ ಬದು, ನಾಲೆಯ ಏರಿಗಳನ್ನು ಕಣ್ಣಾರೆ ನೋಡಬೇಕು. ಕಪಿಲೆಯಲ್ಲಿ ಹುಡುಕುವ ಕೆಲಸವನ್ನು ಮಾತ್ರ ನದಿ ಬಲ್ಲ ಮೀನುಗಾರರಿಗೂ ಅಗ್ನಿಶಾಮಕ ದಳಕ್ಕೂ ಬಿಡುವುದು ಯುಕ್ತ.

ಇವೆಲ್ಲಕ್ಕೂ ಮುಂಚೆ ಮನೆಯವರು ಮಾಡಬೇಕಾದುದೊಂದಿದೆ: ಊರ ಹೆಸರು, ಫೋನ್ ನಂಬರು ಬರೆದ ಚೀಟಿಯೊಂದನ್ನು ಹಿರಿಯರ ಸೆರಗಿಗೋ ಜೇಬಿಗೋ ಸೇರಿಸುವುದು. ನಾಲ್ಕಕ್ಷರ ಕಲಿತ ನಾವು ಅಕ್ಷರ ಬಾರದ ನಮ್ಮ ಹಿರಿಯರಿಗೆ ಇಷ್ಟನ್ನಾದರೂ ಬರೆದುಕೊಡಬಾರದೇ?