ಕಗ್ಗಲಡುವಿಗೆ ಹೊರಡುವ ಮುನ್ನ

ಬೇಸಿಗೆಯ ರಜೆ ಸಮೀಪಿಸಿದಂತೆ ನಮ್ಮ ಕುಟುಂಬಗಳಲ್ಲಿ ಒಂದು ದಿನದ ಪ್ರವಾಸದ ಮಾತು ಏಳುವುದು ಸಹಜ. ಬಯಲುಸೀಮೆಯ ನಮಗೆ ನೀರನ್ನು ಕಾಣುವ ಆಸೆ ತುಸು ಹೆಚ್ಚು. ಬಡವನಹಳ್ಳಿ, ಮಧುಗಿರಿ, ಶಿರಾ ಭಾಗದವರಿಗೆ ಥಟ್ಟನೆ ನೆನಪಾಗುವುದು ಹಿರಿಯೂರು ಬಳಿಯ ವಾಣಿವಿಲಾಸ ಸಾಗರ. ನಮ್ಮ ಹಿರಿಯರು ಮಾರಿಕಣಿವೆ ಎಂದೇ ಕರೆಯುತ್ತಿದ್ದ ಈ ಜಲಾಶಯದ ಕಾಮಗಾರಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಅಲ್ಲಿಗೆ ಹೋಗಬಯಸುವವರು ಅವಶ್ಯವಾಗಿ ಹೋಗಲಿ. ನಾನು ಇಂದು ಬರೆಯಹೊರಟಿರುವುದು ಇನ್ನೂ ಹತ್ತಿರದ ಒಂದು ಸ್ಥಳವನ್ನು ಕುರಿತು.

ಬಡವನಹಳ್ಳಿಯಿಂದ ಶಿರಾ ರಸ್ತೆ ಹಿಡಿದು ಶಿರಾ ಪಟ್ಟಣ ಸೇರಿದರೆ, ಅಲ್ಲಿಂದ ಎಂಟೊಂಬತ್ತು ಕಿಲೋಮೀಟರ್ ದೂರದಲ್ಲಿ ಕಗ್ಗಲಡು ಎಂಬ ಊರಿದೆ. ಊರೊಳಗಿನ ಹುಣಸೆಮರಗಳಲ್ಲಿ ಪ್ರತಿವರ್ಷ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಬಂದು ಗೂಡು ಕಟ್ಟುತ್ತವೆ. ತುಮಕೂರಿನ ನಿಸರ್ಗಪ್ರೇಮಿಗಳು 1999ರಲ್ಲಿ ಇದನ್ನು ಹೊರಗಿನವರಿಗೆ ಪರಿಚಯಿಸಿದ ಮೇಲೆ ದೂರದ ಊರುಗಳಿಂದಲೂ ಜನ ಬರತೊಡಗಿದರು. ಪಕ್ಷಿಧಾಮ ಎಂಬ ಹೆಸರೂ ಬಂದಿತು. ಆದರೆ ಹೆಸರು ಕೇಳಿ ಉದ್ಯಾನವನವನ್ನು ಕಲ್ಪಿಸಿಕೊಂಡು ಹೋಗಬಾರದು. ಉದ್ಯಾನವನಕ್ಕೆ ಬೇಲಿ ಇರುತ್ತದೆ, ಕಾವಲುಗಾರನಿರುತ್ತಾನೆ, ಇಂಥದ್ದನ್ನು ಮಾಡಕೂಡದು ಎಂಬ ಫಲಕ ಇರುತ್ತದೆ. ಇಲ್ಲಿ ನಾವು ಕಾಲಿಡುವುದು ಜನ ಸಂಸಾರ ಮಾಡಿಕೊಂಡಿರುವ ಬೀದಿಗೆ. ನಾವು ತಲೆಯೆತ್ತಿ ನೋಡುವ ಮರದ ಕೆಳಗೆ ಯಾರದೋ ಮನೆಯ ಅಂಗಳವಿರುತ್ತದೆ, ಎಮ್ಮೆ ಕಟ್ಟಿರುತ್ತದೆ. ಬಾಗಿಲಿಲ್ಲದ ಕಡೆಗೆ ಹೋಗುವಾಗ ನಿಯಮಗಳನ್ನು ಮನೆಯಿಂದಲೇ ಒಯ್ಯಬೇಕಾಗುತ್ತದೆ. ಆದುದರಿಂದಲೇ ಈ ಪ್ರವಾಸಕ್ಕೆ ಸಿದ್ಧತೆ ಹೆಚ್ಚು ಬೇಕು.

ಸೆಮಿನರಿಯಲ್ಲಿ ನಮಗೆ ಕಲಿಸಿದ ಪಾಠವೊಂದು ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳನ್ನು ಎಣಿಸುವಾಗ ಮುಂದಾಲೋಚನೆಯನ್ನು ಮಾತ್ರ ಹೇಳಿ ನಿಲ್ಲಿಸುವುದಿಲ್ಲ. ಸುತ್ತುಮುತ್ತಲ ಸನ್ನಿವೇಶವನ್ನು ಗಮನಿಸುವ ಎಚ್ಚರವನ್ನೂ ಪ್ರತ್ಯೇಕವಾಗಿ ಹೆಸರಿಸುತ್ತಾರೆ. ಗುರಿ ಒಳ್ಳೆಯದಾದರೂ ಸನ್ನಿವೇಶಕ್ಕೆ ಹೊಂದದಿದ್ದರೆ ಕಾರ್ಯ ಕೆಡಬಹುದು. ಮಕ್ಕಳಿಗೆ ಹಕ್ಕಿ ತೋರಿಸುವುದು ಒಳ್ಳೆಯ ಗುರಿಯೇ. ಯಾವ ತಿಂಗಳು, ಯಾವ ಹೊತ್ತು, ಎಷ್ಟು ಜನ ಎಂಬುದು ಸನ್ನಿವೇಶ.

ಮೊದಲು ತಿಂಗಳು. ಕ್ರಿಸ್ಮಸ್ ರಜೆಯಲ್ಲಿ ಹೋದರೆ ಬರಿಯ ಹುಣಸೆಮರ ನೋಡಿಕೊಂಡು ಹಿಂದಿರುಗುವ ಸಂಭವವೇ ಹೆಚ್ಚು. ವರ್ಷದ ಆರಂಭದಲ್ಲಿ ಬರತೊಡಗುವ ಕೊಕ್ಕರೆಗಳು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳನ್ನು ಬೆಳೆಸಿ ಮಳೆಗಾಲದ ನಡುವೆ ಹೊರಟುಹೋಗುತ್ತವೆ. ಗಂಡು ಹೆಣ್ಣುಗಳೆರಡೂ ಸರದಿಯಲ್ಲಿ ಸುಮಾರು ಒಂದು ತಿಂಗಳು ಕಾವು ಕೊಡುತ್ತವೆ. ಮರಿ ಹಾರಲು ಕಲಿಯುವುದಕ್ಕೆ ಮತ್ತೆ ಎರಡು ತಿಂಗಳು ಬೇಕು. ಹೀಗಾಗಿ ಪಾಸ್ಕ ಹಬ್ಬದ ನಂತರದ ವಾರಗಳು, ಅಂದರೆ ನಮ್ಮ ಮಕ್ಕಳ ರಜೆಯ ದಿನಗಳೇ, ನೋಡುವುದಕ್ಕೆ ಪ್ರಶಸ್ತವಾದ ಕಾಲ. ಆ ಹಕ್ಕಿಗಳಿಗೆ ಅತ್ಯಂತ ನಾಜೂಕಿನ ಕಾಲವೂ ಅದೇ.

ಎರಡನೆಯದು ಹೊತ್ತು. ಈ ವಿಷಯದಲ್ಲಿ ನಾನು ತುಸು ಕಟುವಾಗಿಯೇ ಹೇಳಬೇಕಾಗಿದೆ. ನಮ್ಮ ಪ್ರವಾಸಗಳೆಲ್ಲ ಭಾನುವಾರದ ಬಲಿಪೂಜೆ ಮುಗಿಸಿ, ಉಪಾಹಾರ ಮಾಡಿ, ತಡವಾದವರಿಗಾಗಿ ಕಾದು ಹೊರಡುವಂಥವು. ಹಾಗೆ ಹೊರಟರೆ ಕಗ್ಗಲಡು ಸೇರುವಾಗ ಏಪ್ರಿಲ್ ತಿಂಗಳ ನಡುಹಗಲು. ಆ ಸಮಯದಲ್ಲಿ ತಾಯಿಯೋ ತಂದೆಯೋ ಗೂಡಿನ ಮೇಲೆ ರೆಕ್ಕೆ ಹರಡಿ ನಿಂತು ಮರಿಗಳಿಗೆ ನೆರಳು ಮಾಡುತ್ತಿರುತ್ತದೆ. ನಾವು ಮರದ ಬುಡಕ್ಕೆ ಹೋಗಿ ಕೈ ತಟ್ಟಿದರೆ, ಹಾರಲಿ, ಫೋಟೋ ತೆಗೆಯೋಣ ಎಂದು ಕೂಗಿದರೆ ಅದು ಏಳುತ್ತದೆ. ಮೈಮೇಲೆ ಪುಕ್ಕ ಸರಿಯಾಗಿ ಮೂಡದ ಮರಿ ಬಿಸಿಲಿಗೆ ಒಡ್ಡಿಕೊಳ್ಳುತ್ತದೆ. ಕಾಗೆ, ಹದ್ದುಗಳು ಹೊಂಚು ಹಾಕಿಯೇ ಇರುತ್ತವೆ. ಗಾಬರಿಯಲ್ಲಿ ಅಂಚಿಗೆ ಸರಿದ ಮರಿ ಕೆಳಗೆ ಬಿದ್ದರೆ ಬದುಕುವುದು ಕಷ್ಟ. ನಮ್ಮ ಪಾಲಿಗೆ ಅದು ಐದು ನಿಮಿಷದ ವಿನೋದವಷ್ಟೇ. ಆದುದರಿಂದ ಶನಿವಾರ ನಸುಕಿನಲ್ಲಿ ಹೊರಟು ಹತ್ತು ಗಂಟೆಯೊಳಗೆ ಊರು ಬಿಡುವುದು ಉತ್ತಮ. ಭಾನುವಾರವೇ ಆಗಬೇಕೆಂದರೆ ಮನೆಯಲ್ಲಿ ಊಟ ಮಾಡಿ, ಒಂದು ನಿದ್ದೆ ತೆಗೆದು, ಬಿಸಿಲಿಳಿದ ಮೇಲೆ ಹೊರಡಿ. ಸಂಜೆ ಆಹಾರ ಹೊತ್ತು ಮರಳುವ ಹಕ್ಕಿಗಳನ್ನು ಕಾಣುವ ಭಾಗ್ಯವೂ ಆಗ ಲಭಿಸುತ್ತದೆ. ದೊಡ್ಡ ಕೊಕ್ಕರೆಗೆ ಹೆಚ್ಚೇನೂ ದನಿಯಿಲ್ಲ, ಕೊಕ್ಕನ್ನು ಕಟಕಟ ಬಡಿಯುತ್ತದೆ ಅಷ್ಟೆ. ಗದ್ದಲವೆಲ್ಲ ಹಸಿದ ಮರಿಗಳದು. ನಮ್ಮ ಮನೆಗಳಂತೆಯೇ.

ಕೆರೆಯ ವಿಷಯಕ್ಕೆ ಬರೋಣ. ಹಕ್ಕಿಗಳ ಬೀಡು ಊರಿನಲ್ಲಾದರೂ ಅವುಗಳ ಅಡುಗೆಮನೆ ಇರುವುದು ಸುತ್ತಲಿನ ಕೆರೆಗಳಲ್ಲಿ. ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿನಿಂದ ಹುಡುಕುವುದಕ್ಕಿಂತ ಸ್ಪರ್ಶದಿಂದಲೇ ಹೆಚ್ಚು ಹಿಡಿಯುತ್ತದೆ. ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಆಡಿಸುತ್ತ ನಡೆಯುತ್ತದೆ; ಮೀನು ತಾಕಿದೊಡನೆ ಕೊಕ್ಕು ಮುಚ್ಚುತ್ತದೆ. ಇದಕ್ಕೆ ಆಳವಿಲ್ಲದ ನೀರು ಬೇಕು. ತುಂಬಿ ತುಳುಕುವ ಕೆರೆಯ ನಡುವೆ ಅದಕ್ಕೆ ಕಾಲೂರಲು ಸ್ಥಳವಿಲ್ಲ, ಪೂರ್ತಿ ಒಣಗಿದ ಕೆರೆಯಲ್ಲಿ ಮೀನೇ ಇಲ್ಲ. ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಮೆಲ್ಲನೆ ಇಳಿಯುವ ನಮ್ಮ ಹಳೆಯ ಕೆರೆಗಳು ಅದಕ್ಕೆ ಹೇಳಿ ಮಾಡಿಸಿದಂತಿವೆ. ಆದರೆ ಈ ಭಾಗದಲ್ಲಿ ಕೆರೆಯ ನೀರೆಂಬುದು ಎಂಥ ಸಂಗತಿ ಎಂದು ನಿಮಗೆ ಗೊತ್ತು. 2020ರಲ್ಲಿ ಶಿರಾ ಉಪಚುನಾವಣೆ ನಡೆದಾಗ ಮದಲೂರು ಕೆರೆಗೆ ಹೇಮಾವತಿ ನೀರು ಹರಿಸುವ ಭರವಸೆಯೇ ದೊಡ್ಡ ವಿಷಯವಾಗಿತ್ತು. ಮನುಷ್ಯರೇ ನೀರಿಗಾಗಿ ಕಾದು ಕುಳಿತ ಸೀಮೆಯಲ್ಲಿ ಕೊಕ್ಕರೆಯ ಪಾಲನ್ನು ಕೇಳುವವರು ಯಾರು? ದಾರಿಯಲ್ಲಿ ಕೆರೆ ಕಂಡಾಗ ವಾಹನ ನಿಲ್ಲಿಸಿ ಮಕ್ಕಳಿಗೆ ಈ ಸಂಬಂಧವನ್ನು ತೋರಿಸಿರಿ. ಮರವನ್ನು ಮಾತ್ರ ನೋಡಿ ಬಂದರೆ ಅರ್ಧವನ್ನಷ್ಟೇ ನೋಡಿದಂತಾಗುತ್ತದೆ.

ಇನ್ನು ಹುಣಸೆಹಣ್ಣು. ನಮ್ಮ ಜಿಲ್ಲೆಯ ರೈತನಿಗೆ ಹುಣಸೆ ಎಂದರೆ ಏನೆಂದು ಈ ಅಂಕಣದ ವಾಚಕರಿಗೆ ವಿವರಿಸಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷದಲ್ಲಿಯೂ ಕೈಗೆ ನಾಲ್ಕು ಕಾಸು ತರುವ ಮರ ಅದು. ಹಣ್ಣು ಬಡಿಯುವ ಸುಗ್ಗಿ ಮಾಘ, ಫಾಲ್ಗುಣಗಳಲ್ಲಿ. ಹಕ್ಕಿ ಗೂಡಿನಲ್ಲಿ ಕೂರುವುದೂ ಅದೇ ದಿನಗಳಲ್ಲಿ! ಕೋಲು ತೆಗೆದುಕೊಂಡು ಕೊಂಬೆ ಬಡಿದರೆ ಗೂಡು ಉಳಿಯುವುದಿಲ್ಲ. ಕಗ್ಗಲಡುವಿನವರು ಗೂಡಿರುವ ಮರಗಳ ಹಣ್ಣಿನ ಆಸೆಯನ್ನು ಬಿಟ್ಟಿದ್ದಾರೆ. ಮೀನಿನ ವಾಸನೆ, ಹಿಕ್ಕೆಯ ವಾಸನೆ ಸಹಿಸುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿಯೂ ಹೀಗೆಯೇ ಊರವರು ಹಕ್ಕಿಗಳನ್ನು ತಲೆತಲಾಂತರದಿಂದ ಸಾಕಿಕೊಂಡು ಬಂದಿದ್ದಾರೆ. ಅಲ್ಲಿ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿಯೂ ಬೆಳೆಯಿತು. ಪರಿಹಾರ ಎಷ್ಟೇ ಇರಲಿ, ಕೈಗೆಟುಕುವ ಹಣ್ಣನ್ನು ಕೀಳದೆ ಬಿಡುವುದು ಸುಲಭದ ಮಾತಲ್ಲ. ತಪಸ್ಸುಕಾಲದಲ್ಲಿ ನಾವು ಒಂದೆರಡು ಹೊತ್ತಿನ ಮಾಂಸ ಬಿಟ್ಟು ಅದನ್ನು ಹತ್ತು ಜನರಿಗೆ ಹೇಳಿಕೊಳ್ಳುತ್ತೇವೆ.

ಆದಕಾರಣ ಊರಿಗೆ ಹೋದಾಗ ಮೊದಲು ಎದುರಾದ ಹಿರಿಯರನ್ನು ಮಾತನಾಡಿಸಿ, ಎಲ್ಲಿ ನಿಂತು ನೋಡಬಹುದೆಂದು ಕೇಳಿರಿ. "ಅಜ್ಜಾ, ಇಲ್ಲಿ ನಿಲ್ಲಬಹುದೇ?" ಎಂದು ಮಕ್ಕಳಿಂದಲೇ ಕೇಳಿಸಿದರೆ ಇನ್ನೂ ಒಳ್ಳೆಯದು. ಮರದ ಬುಡದಲ್ಲಿ ಬುತ್ತಿ ಬಿಚ್ಚಬೇಡಿ. ಊಟವನ್ನು ಶಿರಾದಲ್ಲಿಯೋ ಬೇರೆ ಕಡೆ ನೆರಳಿನಲ್ಲಿಯೋ ಇಟ್ಟುಕೊಳ್ಳಿ. ಎಲೆ, ಲೋಟ, ಪ್ಲಾಸ್ಟಿಕ್ ಚೀಲಗಳು ನಿಮ್ಮೊಂದಿಗೆ ಹಿಂದಿರುಗಲಿ. ಚಹಾ, ಬಿಸ್ಕತ್ತುಗಳನ್ನು ಊರಿನ ಅಂಗಡಿಯಲ್ಲಿಯೇ ಕೊಳ್ಳಿ. ಪಟಾಕಿ, ಧ್ವನಿವರ್ಧಕ ಬೇಡವೆಂದು ಹೇಳುವುದು ಅನಗತ್ಯವೆನಿಸಬಹುದು, ಆದರೂ ಹೇಳುತ್ತೇನೆ. ಎರಡು ಬಸ್ಸು ತುಂಬ ಧರ್ಮಕೇಂದ್ರವಿಡೀ ಹೊರಡುವುದಕ್ಕಿಂತ ಮೂರು ನಾಲ್ಕು ಕುಟುಂಬಗಳು ಕೂಡಿ ಹೋಗುವುದು ಲೇಸು. ಯಾರ ಮನೆಯಲ್ಲಾದರೂ ದುರ್ಬೀನು ಇದ್ದರೆ ಸರದಿಯಲ್ಲಿ ನೋಡಬಹುದು. ಇಲ್ಲದಿದ್ದರೂ ನಷ್ಟವಿಲ್ಲ, ಹಕ್ಕಿಗಳು ದೊಡ್ಡವು. ಬೆಳೆದ ಹಕ್ಕಿಯ ಬಾಲದ ಬಳಿ ಗುಲಾಬಿ ಬಣ್ಣದ ಗರಿಗಳು ಬರಿಗಣ್ಣಿಗೆ ಕಾಣುತ್ತವೆ. ಮಸುಕಾಗಿರುವುವು ಮರಿಗಳು.

ಹೊರಡುವ ಹಿಂದಿನ ದಿನ ಶಿರಾದ ಪರಿಚಿತರಲ್ಲಿ ಈ ವರ್ಷ ಕೆರೆಗಳಲ್ಲಿ ನೀರಿದೆಯೇ, ಹಕ್ಕಿಗಳು ಬಂದಿವೆಯೇ ಎಂದು ವಿಚಾರಿಸಿರಿ. ಬಂದಿಲ್ಲವೆಂದರೆ ನಮ್ಮ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕಡೆಗೆ ವಾಹನ ತಿರುಗಿಸಬಹುದು. ಅಲ್ಲಿ 798 ಎಕರೆಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಬಯಲಿನಲ್ಲಿ ನೆರಳು ಕಡಿಮೆ. ಟೋಪಿ, ಕುಡಿಯುವ ನೀರು ಮರೆಯಬೇಡಿ. ಅಲ್ಲಿಗೂ ಸೂರ್ಯ ಮೇಲೇರುವ ಮುನ್ನವೇ ತಲುಪಬೇಕು.