ಬೀಟೆ ಮರದ ಗಿಟಾರ್ ಮಾತ್ರ ಚೆನ್ನಾಗಿ ನುಡಿಯುತ್ತದೆಯೇ? ಮರದ ಪಾಲೆಷ್ಟು, ಕೈಯ ಪಾಲೆಷ್ಟು?

"ಗಿಟಾರ್ ಮಾಡಿಸೋದಾದ್ರೆ ಬೀಟೆ ಮರದಲ್ಲೇ ಮಾಡ್ಸಿ, ಬೇರೆ ಮರ ಆದ್ರೆ ಡಬ್ಬಾ ಸೌಂಡ್." ಸಂಗೀತದ ವಾಟ್ಸಾಪ್ ಗುಂಪುಗಳಲ್ಲಿ ಇರುವವರಿಗೆ ಈ ಧಾಟಿಯ ಸಲಹೆ ಹೊಸದಲ್ಲ. ಇದರ ಬೆನ್ನಿಗೇ ಇನ್ನೆರಡು ಮಾತು ಬರುತ್ತವೆ. ಮರ ನೂರು ವರ್ಷ ಹಳೆಯದಿರಬೇಕು, ಮತ್ತು ಪ್ಲೈವುಡ್ ಗಿಟಾರ್ ಎಂದರೆ ನಕಲಿ.

ಅಂಗಡಿಯ ಗಿಟಾರ್ ಬಿಟ್ಟು, ಸ್ವಂತ ಕಾರ್ಯಾಗಾರದಲ್ಲಿ ಒಂದೊಂದನ್ನೇ ಕೈಯಾರೆ ಮಾಡುವವರ ಹತ್ತಿರ ಮಾಡಿಸಿಕೊಳ್ಳುವುದು ದುಬಾರಿ ಬಾಬತ್ತು. ಆರ್ಚ್‌ಟಾಪ್ ಗಿಟಾರ್ ಆದರಂತೂ ತಿಂಗಳುಗಟ್ಟಲೆ ಕಾಯಬೇಕು. ಮೇಲಿನ ಫಾರ್ವರ್ಡ್ ನಂಬಿ ಬೀಟೆಗೆಂದೇ ಹೆಚ್ಚು ದುಡ್ಡು ಕೊಡುವ ಮುನ್ನ, ಅಥವಾ ಬಿಲ್ಲಿಲ್ಲದ ಹಲಗೆಗೆ ಕೈ ಹಾಕುವ ಮುನ್ನ, ಇದರಲ್ಲಿ ನಿಜವೆಷ್ಟು ನೋಡೋಣ.

ಆರ್ಚ್‌ಟಾಪ್ ಅಂದರೇನು?

ಮಾಮೂಲಿ ಗಿಟಾರಿನ ಮುಂಭಾಗ ಚಪ್ಪಟೆ, ನಡುವೆ ದುಂಡನೆಯ ತೂತು. ಆರ್ಚ್‌ಟಾಪಿನ ಮುಂಭಾಗ ಪಿಟೀಲಿನ ಹಾಗೆ ಉಬ್ಬಿರುತ್ತದೆ. ಸಾಮಾನ್ಯವಾಗಿ ಎರಡು ಪಕ್ಕದಲ್ಲಿ ಇಂಗ್ಲಿಷಿನ ಎಫ್ ಅಕ್ಷರದ ಆಕಾರದ ಸೀಳುಗಳಿರುತ್ತವೆ. ಅಮೆರಿಕದ ಕಲಾಮಜೂ ಊರಿನ ಆರ್ವಿಲ್ ಗಿಬ್ಸನ್ 1898ರಲ್ಲಿ ಇಂಥ ಕೆತ್ತಿದ ಮ್ಯಾಂಡೊಲಿನ್‌ಗೆ ಪೇಟೆಂಟ್ ಪಡೆದರು. ಗಿಬ್ಸನ್ ಕಂಪನಿಯ ಎಲ್-5 ಮಾದರಿ 1920ರ ದಶಕದಲ್ಲಿ ಎಫ್ ಸೀಳನ್ನು ಗಿಟಾರಿಗೆ ತಂದಿತು. ಜಾಝ್ ವಾದ್ಯಗೋಷ್ಠಿಗಳು ಇದನ್ನು ಮೆಚ್ಚಿಕೊಂಡವು. ನಮಗೂ ಇದು ಪೂರ್ತಿ ಅಪರಿಚಿತವೇನಲ್ಲ. 1994ರಲ್ಲಿ ಗ್ರ್ಯಾಮಿ ಪಡೆದ ವಿಶ್ವಮೋಹನ ಭಟ್ಟರ ಮೋಹನ ವೀಣೆ, ಆರ್ಚ್‌ಟಾಪ್ ಗಿಟಾರನ್ನೇ ಮಾರ್ಪಡಿಸಿಕೊಂಡ ವಾದ್ಯ.

ಚಪ್ಪಟೆ ಗಿಟಾರಿನಲ್ಲಿ ತಂತಿಗಳ ಒಂದು ತುದಿ ಹಲಗೆಗೆ ಅಂಟಿಸಿದ ಕುದುರೆಗೇ, ಅಂದರೆ ಬ್ರಿಡ್ಜಿಗೇ, ಬಿಗಿದಿರುತ್ತದೆ. ಆರ್ಚ್‌ಟಾಪಿನಲ್ಲಿ ಕುದುರೆಗೆ ಅಂಟು ಹಾಕುವುದಿಲ್ಲ. ತಂತಿಗಳು ಅದರ ಮೇಲೆ ಹಾದು, ತಳದ ಲೋಹದ ಅಥವಾ ಮರದ ಕೊಂಡಿಗೆ ಸೇರುತ್ತವೆ. ಸ್ಟೀಲ್ ತಂತಿಗಳ ಒಟ್ಟು ಎಳೆತ ಸುಮಾರು 70–80 ಕೆ.ಜಿ. ಅದರ ಒಂದು ಪಾಲು ಕುದುರೆಯ ಮೂಲಕ ಕೆಳಗೆ ಒತ್ತುತ್ತದೆ. ಹಳೆಯ ಕಲ್ಲಿನ ಸೇತುವೆ ಭಾರ ಹೊರುವ ರೀತಿಯಲ್ಲೇ ಈ ಉಬ್ಬು ಆ ಒತ್ತಡವನ್ನು ಹೊರುತ್ತದೆ. ಹೊರುತ್ತಲೇ ನಡುಗಬೇಕು ಕೂಡ, ಏಕೆಂದರೆ ಶಬ್ದ ಹುಟ್ಟುವುದು ಆ ನಡುಕದಿಂದ. ದಪ್ಪ ಬಿಟ್ಟರೆ ವಾದ್ಯ ಮೂಕವಾಗುತ್ತದೆ, ತೀರಾ ತೆಳ್ಳಗೆ ಕೆತ್ತಿದರೆ ಕುಸಿಯುತ್ತದೆ.

ಇಲ್ಲಿಯೇ ಕೈಕೆಲಸದ ಗುಟ್ಟಿರುವುದು. ಸುಮಾರು ಒಂದಿಂಚು ದಪ್ಪದ ಮರವನ್ನು ಪುಸ್ತಕ ತೆರೆದ ಹಾಗೆ ಸೀಳಿ, ಎರಡು ಹೋಳನ್ನು ನಡುವೆ ಅಂಟಿಸುತ್ತಾರೆ. ಆಮೇಲೆ ಬಾಗಿದ ಉಳಿ, ಬೆರಳುದ್ದದ ಪುಟ್ಟ ಕೀಸುಳಿ ಹಿಡಿದು ಹೊರಗಿನಿಂದಲೂ ಒಳಗಿನಿಂದಲೂ ಕೆತ್ತುತ್ತಾರೆ. ಕೊನೆಗೆ ಉಳಿಯುವುದು ನಡುವೆ 6 ಮಿ.ಮೀ. ಆಸುಪಾಸು, ಅಂಚಿನ ಬಳಿ 3–4 ಮಿ.ಮೀ. ಮಿಕ್ಕ ಮರವೆಲ್ಲ ಚಕ್ಕೆ, ಹೊಟ್ಟು. ಹಲಗೆಯ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ ಎಂಬುದು ಭೌತವಿಜ್ಞಾನದ ಸರಳ ನಿಯಮ. 3 ಮಿ.ಮೀ. ಇದ್ದದ್ದು 2.7 ಆದರೆ ದಪ್ಪ ಕಡಿಮೆಯಾದದ್ದು ಶೇ 10, ಬಿಗುವು ಕಡಿಮೆಯಾದದ್ದು ಶೇ 27! ಒಂದೇ ಮರದ ಎರಡು ಹಲಗೆಗಳೂ ಬಿಗುವಿನಲ್ಲಿ, ತೂಕದಲ್ಲಿ ಒಂದೇ ಥರ ಇರುವುದಿಲ್ಲ. ಹಾಗಾಗಿ ಮಾಡುವವರು ಹಲಗೆಯನ್ನು ಬಾಗಿಸಿ ನೋಡುತ್ತಾರೆ, ಬೆರಳಲ್ಲಿ ತಟ್ಟಿ ಕೇಳುತ್ತಾರೆ, ಮತ್ತೆ ಚೂರು ಕೀಸುತ್ತಾರೆ. ಇದನ್ನು ಅಳತೆಪಟ್ಟಿ ಒಂದೇ ಹೇಳಿಕೊಡುವುದಿಲ್ಲ.

ಕಣ್ಣು ಕಟ್ಟಿ ನುಡಿಸಿದಾಗ ಏನಾಯಿತು?

ಬೀಟೆಯ ವಿಷಯಕ್ಕೆ ಬರೋಣ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ರೋಜರ್ ಬಕ್ನಾಲ್ ಎಂಬ ಅನುಭವಿ ಗಿಟಾರ್ ತಯಾರಕರು ಅದಕ್ಕಾಗಿ ಆರು ಗಿಟಾರ್ ಮಾಡಿದ್ದರು. ವಿನ್ಯಾಸ ಒಂದೇ, ಬೆನ್ನು ಮತ್ತು ಪಕ್ಕದ ಮರ ಮಾತ್ರ ಬೇರೆ. ಬ್ರೆಜಿಲ್ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲಿ, ವಾಲ್ನಟ್. ಮಂದ ಬೆಳಕಿನ ಕೋಣೆಯಲ್ಲಿ ವೆಲ್ಡಿಂಗ್ ಕನ್ನಡಕ ಹಾಕಿಸಿ 52 ಗಿಟಾರ್ ವಾದಕರಿಂದ ನುಡಿಸಿದರು. ಆರಕ್ಕೂ ಅವರು ಕೊಟ್ಟ ಅಂಕ ಹೆಚ್ಚುಕಡಿಮೆ ಒಂದೇ. ಅತಿ ದುಬಾರಿ ಮರ ಅಗ್ಗದ ಮರವನ್ನು ಹಿಂದೆ ಹಾಕಲಿಲ್ಲ. ಯಾವುದು ಯಾವುದೆಂದು ಬೇರೆಮಾಡಿ ಗುರುತಿಸುವುದೇ ಕಷ್ಟವಾಯಿತು.

ಇದು ಚಪ್ಪಟೆ ಗಿಟಾರಿನ ಬೆನ್ನಿನ ಬಗ್ಗೆ ನಡೆದ ಪ್ರಯೋಗ ಎಂಬುದನ್ನು ಮರೆಯುವಂತಿಲ್ಲ. ಮುಂಭಾಗದ ಹಲಗೆಯ ಮಾತು ಬೇರೆ. ಅದು ಹಗುರವಾಗಿಯೂ ಬಿಗುವಾಗಿಯೂ ಇರಬೇಕಾದ್ದರಿಂದ ಅಲ್ಲಿ ಮರದ ಆಯ್ಕೆ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಆರ್ಚ್‌ಟಾಪಿನಲ್ಲಿ ಸಾಮಾನ್ಯವಾಗಿ ಮುಂದೆ ಸ್ಪ್ರೂಸ್, ಹಿಂದೆ ಮೇಪಲ್. ಎರಡೂ ತಂಪು ಪ್ರದೇಶದ ಮರಗಳು, ನಮ್ಮ ಬಯಲುಸೀಮೆಯಲ್ಲಿ ಬೆಳೆಯುವುದಿಲ್ಲ. ಅಂದರೆ ಬೀಟೆಯ ಫಾರ್ವರ್ಡ್ ಆರ್ಚ್‌ಟಾಪಿಗೆ ಅನ್ವಯಿಸುವುದೇ ಇಲ್ಲ!

ಹಾಗಾದರೆ ಬೀಟೆಗೆ ಈ ಹೆಸರು ಎಲ್ಲಿಂದ ಬಂತು? ಬ್ರೆಜಿಲ್ ಮರ ಸಿಗುವುದು ಕಷ್ಟವಾದಾಗ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಬದಲಾಯಿತು. ದುಬಾರಿ ಗಿಟಾರುಗಳಲ್ಲೆಲ್ಲ ಅದೇ ಕಾಣಿಸಿಕೊಂಡ ಮೇಲೆ, ದುಬಾರಿ ಎಂದರೆ ಬೀಟೆ ಎಂಬ ಭಾವನೆ ಬೆಳೆದಿರಬೇಕು ಎಂಬುದು ನಮ್ಮ ಅನಿಸಿಕೆ. ಮತ್ತೊಂದು ಕಂಪನಿಯ ಬಾಬ್ ಟೇಲರ್ 1995ರಲ್ಲಿ, ಸರಕು ಇಡುವ ಹಳೆಯ ಪ್ಯಾಲೆಟ್ಟಿನ ಮರದಿಂದ ಗಿಟಾರ್ ಮಾಡಿ ತೋರಿಸಿದರು. ಅದು ಚೆನ್ನಾಗಿಯೇ ನುಡಿಯಿತು.

ಮೇಖ್ರಿ ವೃತ್ತದಿಂದ ಕೂಗಳತೆಯಲ್ಲಿರುವ ರಾಮನ್ ಸಂಶೋಧನಾ ಸಂಸ್ಥೆಯನ್ನು 1948ರಲ್ಲಿ ಕಟ್ಟಿದ ಸಿ.ವಿ. ರಾಮನ್ ಅವರಿಗೂ ತಂತಿವಾದ್ಯಗಳ ಹುಚ್ಚಿತ್ತು. ಕಲ್ಕತ್ತೆಯಲ್ಲಿದ್ದಾಗಲೇ ಅವರು ವೀಣೆ, ತಂಬೂರಿಗಳನ್ನು ಅಧ್ಯಯನ ಮಾಡಿದ್ದರು. ಆ ವಾದ್ಯಗಳ ತುಂಬು ನಾದಕ್ಕೆ ಅವರು ತೋರಿಸಿದ ಕಾರಣ ಕುದುರೆಯ ಬಾಗಿದ ಮೇಲ್ಮೈ. ಅದೂ ಕೈಯಿಂದ ತಿದ್ದುವ ಆಕಾರವೇ.

ಹಳೆಯ ಮರ, ಪ್ಲೈವುಡ್, ಬೆಂಗಳೂರಿನ ಹವೆ

"ನೂರು ವರ್ಷದ ತೊಲೆ" ಎಂಬುದರಲ್ಲಿ ಅರ್ಧ ಸತ್ಯವಿದೆ. ವಯಸ್ಸಾದ ಮರ ತೇವಾಂಶಕ್ಕೆ ಸ್ವಲ್ಪ ಕಡಿಮೆ ಹಿಗ್ಗಿ ಕುಗ್ಗುತ್ತದೆ. ಆದರೆ ಎಳೆ ನೇರವಾಗಿಲ್ಲದಿದ್ದರೆ, ಗಂಟು ಮೊಳೆತೂತುಗಳಿದ್ದರೆ ವಯಸ್ಸಿನಿಂದ ಏನೂ ಆಗುವುದಿಲ್ಲ. ಪ್ಲೈವುಡ್ ನಕಲಿ ಎಂಬುದಂತೂ ಸುಳ್ಳು. ಗಿಬ್ಸನ್ ಕಂಪನಿಯೇ 1949ರಲ್ಲಿ ತಂದ ಇಎಸ್-175 ಆರ್ಚ್‌ಟಾಪಿನ ಹಲಗೆ, ಮರದ ಪದರಗಳನ್ನು ಅಂಟಿಸಿ ಅಚ್ಚಿನಲ್ಲಿ ಒತ್ತಿದ್ದು. ಜೋ ಪಾಸ್‌ರಂಥ ಜಾಝ್ ದಿಗ್ಗಜರು ಅದನ್ನೇ ನುಡಿಸಿದರು. ಆದರೆ ಪ್ಲೈವುಡ್ಡನ್ನು ಕೆತ್ತಿದ ಮರವೆಂದು ಹೇಳಿ ಮಾರಿದರೆ ಅದು ಮೋಸ.

ನಮ್ಮೂರಿನಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಹವೆಯ ಬಗ್ಗೆ. ಯಲಹಂಕದಲ್ಲಿ ಮಾರ್ಚ್ ಮಧ್ಯಾಹ್ನದ ಒಣಗಾಳಿಗೂ ಆಗಸ್ಟಿನ ಬೆಳಗಿನ ತೇವಕ್ಕೂ ಅಜಗಜಾಂತರ. ಮರ ಎಳೆಗೆ ಅಡ್ಡವಾಗಿ ಹಿಗ್ಗಿ ಕುಗ್ಗುತ್ತದೆ. ಮಳೆಗಾಲದಲ್ಲಿ ತೇವ ಕುಡಿದ ಹಲಗೆಯನ್ನು ಅಂಟಿಸಿದರೆ ಬೇಸಿಗೆಯಲ್ಲಿ ಅದು ಸೀಳಬಹುದು. ಅದಕ್ಕೇ ಒಳ್ಳೆಯ ಕಾರ್ಯಾಗಾರದಲ್ಲಿ ಗಾಳಿಯ ತೇವಾಂಶವನ್ನು ಶೇ 40–50ರ ಸುಮಾರಿಗೆ ನಿಲ್ಲಿಸಿಕೊಳ್ಳುತ್ತಾರೆ. ಮಾಡಿಸುವಾಗ "ಯಾವ ಮರ" ಎಂದು ಕೇಳುವುದಕ್ಕಿಂತ "ತೇವಾಂಶ ಹೇಗೆ ನೋಡಿಕೊಳ್ಳುತ್ತೀರಿ, ಮರ ಎಷ್ಟು ದಿನ ಇಲ್ಲಿ ಒಣಗಿದೆ" ಎಂದು ಕೇಳಿ. ಮನೆಗೆ ತಂದ ಮೇಲೆ ಮಳೆಗಾಲದಲ್ಲಿ ಉಬ್ಬು ಏರಿ ತಂತಿ ಎತ್ತರವಾಯಿತು ಎನಿಸಿದರೆ ಗಾಬರಿ ಬೇಡ. ಎತ್ತರ ಹೊಂದಿಸಲೆಂದೇ ಹೆಚ್ಚಿನ ಆರ್ಚ್‌ಟಾಪ್ ಕುದುರೆಗಳಲ್ಲಿ ಎರಡು ಪುಟ್ಟ ತಿರುಗಾಲಿಗಳಿರುತ್ತವೆ.

ಇಷ್ಟಾದರೂ ಬೀಟೆಯೇ ಬೇಕು ಎನ್ನುವವರಿಗೆ ಒಂದು ಎಚ್ಚರಿಕೆ. ಅದರ ಚೆಲುವಿಗೆ ಮನಸೋಲುವುದು ತಪ್ಪಲ್ಲ, ಆದರೆ ಅದು ಅಳಿವಿನ ಭೀತಿಯಲ್ಲಿರುವ ಮರ. ಕರ್ನಾಟಕದಲ್ಲಿ ಅದನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. 2017ರ ಜನವರಿಯಿಂದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಂತ್ರಣವೂ ಇದೆ. ತಯಾರಾದ ಸಂಗೀತ ವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ಸಿಕ್ಕಿದೆ, ಬಿಡಿ ಹಲಗೆಗೆ ಇಲ್ಲ. ಬಿಲ್ ಕೇಳಿ ಪಡೆಯಿರಿ. ಹಲಗೆ ಯಾವ ಮರದ್ದೆಂದು ಅನುಮಾನವಿದ್ದರೆ, ಯಶವಂತಪುರದ ಪಕ್ಕದಲ್ಲೇ, ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಶುಲ್ಕ ಕಟ್ಟಿ ಸಣ್ಣ ತುಂಡೊಂದನ್ನು ಕೊಟ್ಟರೆ ಮರದ ಜಾತಿಯನ್ನು ಪರೀಕ್ಷಿಸಿ ಹೇಳುತ್ತಾರೆ.